ಜೊತೆಗಿರಬೇಕಾಗಿಲ್ಲ ಎನ್ನುವ ಬೋರ್ಡು

ಗಂಡಸರ ವಾರ್ಡಿನ ಬಾಗಿಲಿಗೆ ಇಂಗ್ಲಿಷ್ ಬೋರ್ಡು ಹಾಕಿಸಿರುವ ಆಸ್ಪತ್ರೆಯ ಮುಖ್ಯಸ್ಥರೇ,

ನಿಮ್ಮ ಬೋರ್ಡು ಸುಳ್ಳು ಹೇಳುತ್ತಿದೆ. ಆ ಸುಳ್ಳನ್ನು ವಾರ್ಡಿಗೆಲ್ಲ ಓದಿ ಹೇಳಿದವನು ನಾನು. ನಮ್ಮ ತಾತನ ಸೊಂಟದ ಮೂಳೆ ಮುರಿದದ್ದರಲ್ಲಿ ನಿಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದು ಹತ್ತು ಜನರ ಮುಂದೆ ಇತ್ಯರ್ಥವಾಗಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಬೋರ್ಡಿನಲ್ಲಿ ಮೂರು ಸಾಲುಗಳಿವೆ. ಮೊದಲನೆಯದರಲ್ಲಿ ಮಸ್ಟ್: ಚಪ್ಪಲಿ ಹೊರಗೇ ಬಿಡಬೇಕು. ಎರಡನೆಯದರಲ್ಲಿ ಮಸ್ಟ್ ನಾಟ್: ಮಂಚದ ಮೇಲೆ ಕೂರಕೂಡದು. ಮೂರನೆಯದರಲ್ಲಿ ನೀಡ್ ನಾಟ್: ರೋಗಿಯ ಕಡೆಯವರು ಜೊತೆಗಿರಬೇಕಾಗಿಲ್ಲ, ಸಿಬ್ಬಂದಿ ನೋಡಿಕೊಳ್ಳುತ್ತಾರೆ. ನಾನು ಒಂಬತ್ತನೇ ತರಗತಿಯಲ್ಲೇ ಶಾಲೆಗೆ ಕೈಮುಗಿದು ಬಂದವನು. ಆದರೆ ಈ ಪಾಠ ಮರೆತಿಲ್ಲ; 'ಕೂಡದು' ಬೇರೆ, 'ಬೇಕಾಗಿಲ್ಲ' ಬೇರೆ ಎಂದು ಬಿಡಿಸಿ ಹೇಳಿದ್ದಕ್ಕೆ ಮೇಷ್ಟ್ರಿಂದ ಶಹಭಾಸ್ ಎನಿಸಿಕೊಂಡ ಒಂದೇ ದಿನ ಅದು. ಈಗ ಅಂಗಡಿಗಳ ಬೋರ್ಡು ಬರೆದು ಬದುಕುತ್ತೇನೆ. ಅಕ್ಷರ ಕಂಡರೆ ಸುಮ್ಮನಿರುವ ಜಾಯಮಾನವಲ್ಲ. ಜಂಬದಿಂದ ಎಲ್ಲರಿಗೂ ಕೇಳುವಂತೆ ಓದಿದೆ.

ಪಕ್ಕದ ಮಂಚದವರ ಹೆಂಡತಿ, ವಾರ್ಡಿಗೆಲ್ಲ ದೊಡ್ಡಕ್ಕ, ಗಂಡನ ಬೆನ್ನು ಒರೆಸುತ್ತಲೇ ನಕ್ಕರು. "ಅಲ್ಲಪ್ಪಾ, ಮೂವತ್ತು ಬೆಡ್ಡಿಗೆ ಒಬ್ಬಳೇ ನರ್ಸಮ್ಮ. ಅವಳಿಗೇನು ಹತ್ತು ಕೈ ಇದ್ಯಾ? ನಿಮ್ಮ ತಾತನ್ನ ಬಾತ್‌ರೂಮಿಗೆ ಬೋರ್ಡು ಬಂದು ಕರ್ಕೊಂಡು ಹೋಗುತ್ತಾ?"

"ಬರೆದಿರೋದು ಓದ್ದೆ ಅಷ್ಟೇ, ದೊಡ್ಡಕ್ಕ."

"ಓದ್ಕೋ ಮಾರಾಯ. ಎದ್ದು ಹೋಗೋವಾಗ ಮಾತ್ರ ನಂಗೊಂದು ಮಾತು ಹೇಳಿ ಹೋಗು."

ಆ ವಾರ್ಡು ನಡೆಯುತ್ತಿರುವುದೇ ಆ ಒಂದು ಮಾತಿನ ಮೇಲೆ. ಹೊರಡುವವರು ಪಕ್ಕದವರಿಗೆ ಹೇಳಿ ಹೋಗುತ್ತಾರೆ, ಅವರು ಎರಡು ಮಂಚ ನೋಡಿಕೊಳ್ಳುತ್ತಾರೆ. ಇದನ್ನು ಯಾರೂ ಎಲ್ಲೂ ಬರೆದಿಲ್ಲ. ತಾತನನ್ನು ಸೇರಿಸಿದ ಮೂರನೇ ದಿನ ಮಧ್ಯಾಹ್ನ, ಕೂತು ಕೂತು ಕಾಲು ಜೋಮು ಹಿಡಿದು, ಒಂದು ಸುತ್ತು ಹಾಕಿ ಬರೋಣವೆಂದು ಎದ್ದೆ. ದೊಡ್ಡಕ್ಕನಿಗೆ ಹೇಳಲಿಲ್ಲ. ಹೇಳಿದರೆ ನಾನು ಓದಿದ್ದು ಸುಳ್ಳೆಂದು ನಾನೇ ಒಪ್ಪಿಕೊಂಡಂತೆ ಅನ್ನಿಸಿತು.

"ಹೋಗ್ತೀಯೇನೋ?" ಎಂದರು ತಾತ.

"ನಾನಿರಬೇಕು ಅಂತೇನಿಲ್ಲ ತಾತ, ಬರೆದಿದ್ದಾರೆ."

"ಬರೆದಿದ್ರೆ ಸರಿ ಬಿಡು."

ನಾನು ಓದಿದ್ದನ್ನು ಒಮ್ಮೆಯೂ ಅನುಮಾನಿಸದ ಮನುಷ್ಯ. ಅರ್ಧ ಗಂಟೆ ಬಿಟ್ಟು ಬಂದಾಗ ಬಾತ್‌ರೂಮಿನ ಬಾಗಿಲಲ್ಲಿ ಬಿದ್ದಿದ್ದರು. ಅವರ ತಲೆ ದೊಡ್ಡಕ್ಕನ ತೊಡೆಯ ಮೇಲಿತ್ತು. ಆಕೆ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ.

ಕೆಮ್ಮಿಗೆಂದು ನಡೆದು ಬಂದ ತಾತ ಇನ್ನು ನಡೆಯುವುದು ಅನುಮಾನ ಎಂದು ನಿಮ್ಮ ಡಾಕ್ಟರೇ ಹೇಳಿದ್ದಾರೆ. ದೂರು ಕೊಡಲು ಹೋದರೆ ನಿಮ್ಮ ಗುಮಾಸ್ತರು, "ಜೊತೆಗೆ ಯಾರಾದ್ರೂ ಇರಬೇಕಿತ್ತಲ್ವಾ?" ಎಂದು ನನ್ನನ್ನೇ ಕೇಳಿದರು. ಹಾಗಾದರೆ ಬೇಕಾಗಿಲ್ಲ ಎಂದು ಬರೆಸಿದ್ದು ಯಾರಿಗಾಗಿ? ತಪಾಸಣೆಗೆ ಬರುವ ಸಾಹೇಬರು ಓದಿ ತಲೆದೂಗಲೆಂದೇ? ನಿಮ್ಮ ಬೋರ್ಡು ಓದಲು ಬಾರದವರು ಯಾರೂ ಪಕ್ಕದವರಿಗೆ ಹೇಳದೆ ಮಂಚ ಬಿಟ್ಟು ಕದಲಲಿಲ್ಲ. ಅವರ ರೋಗಿಗಳು ಕ್ಷೇಮವಾಗಿದ್ದಾರೆ. ಓದಲು ಬಲ್ಲವನೊಬ್ಬನೇ ಹೇಳದೆ ಎದ್ದು ಹೋದ. ಅದಕ್ಕೆ ನಿಮ್ಮನ್ನು ದೂರಿ ನಾನು ಪಾರಾಗುವುದಿಲ್ಲ. ಆದರೆ ನಾಳೆ ಇನ್ನೊಬ್ಬ ಓದುಬಲ್ಲವನು ಬರುತ್ತಾನೆ.

ಆ ಸಾಲು ನಿಜವಾಗುವಷ್ಟು ನರ್ಸುಗಳನ್ನು ನೇಮಿಸಿ. ಆಗದಿದ್ದರೆ ಅದನ್ನು ಅಳಿಸಿ, ಒಬ್ಬರು ಜೊತೆಗಿರಲೇಬೇಕು, ಹೋಗುವಾಗ ಪಕ್ಕದವರಿಗೆ ಹೇಳಿ ಹೋಗಿ ಎಂದು ನಮ್ಮೆಲ್ಲರ ಭಾಷೆಯಲ್ಲಿ ಬರೆಸಿ. ಬಣ್ಣ, ಕುಂಚ, ಏಣಿ ನನ್ನವು, ಅಪ್ಪಣೆಯೊಂದು ನಿಮ್ಮದು. ಬರೆದು ಮುಗಿಸುವಷ್ಟು ಹೊತ್ತು ತಾತನನ್ನು ನೋಡಿಕೊಳ್ಳಲು ದೊಡ್ಡಕ್ಕನಿಗೆ ಹೇಳಿ ಬರುತ್ತೇನೆ.

ಇಂತಿ,
ಏಳನೇ ಮಂಚದ ಪಕ್ಕದ ಸ್ಟೂಲಿನಲ್ಲಿ ತಡವಾಗಿ ಕೂತವನು