ಕುಲುಮೆ ಆರಿದ ರಜೆ

ಶನಿವಾರ ಬೆಳಿಗ್ಗೆ
ಶಾಲೆ ತೆರೆಯಲು ಇನ್ನು ನಾಲ್ಕು ದಿನ

ನನ್ನ ಮನೆಯ ಯಜಮಾನಿಗೆ,

ನಿನ್ನ ಎರಡು ಕಾಗದವೂ ಬಂದವು. ಒಂದಕ್ಕೂ ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀಯ. ನೀನು ಮುನಿಸಿಕೊಳ್ಳುವುದೂ ಸದ್ದಿಲ್ಲದೆ, ಅದೇ ಕಷ್ಟ. ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ಈ ಕಡೆ ಮಕ್ಕಳು ಮೂವರೂ ಸುತ್ತ ನಿಂತಿರುತ್ತಾರೆ, ಆ ಕಡೆ ನಿನ್ನ ತಂಗಿಯ ಕೂಸು ಕಿರುಚುತ್ತಿರುತ್ತದೆ. ಹುಟ್ಟಿ ಹದಿನೈದು ದಿನಕ್ಕೇ ಮನೆಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡಿದೆ ಎಂದು ಬರೆದಿದ್ದೀಯ. ಹೊತ್ತುಕೊಳ್ಳಲಿ ಬಿಡು. ಅದರ ಬಾಯಿ ಮುಚ್ಚಿಸಲು ಯಾರೂ ಹೋಗಬೇಡಿ. ಬಾಣಂತಿಗೆ ನನ್ನ ಶುಭಾಶಯ ಹೇಳು.

ಇಲ್ಲಿ ಎಲ್ಲರೂ ಕ್ಷೇಮ. ಅಡುಗೆ ನನ್ನದೇ. ದೊಡ್ಡವನು ಎರಡು ಸಲ ಬಡಿಸಿಕೊಂಡು ತಿನ್ನುತ್ತಾನೆ, ನಡುವಿನವಳು ತಟ್ಟೆಯನ್ನು ನೋಡಿ ನಿಟ್ಟುಸಿರು ಬಿಟ್ಟು ತಿನ್ನುತ್ತಾಳೆ, ಚಿಕ್ಕವಳು ಬೆಕ್ಕಿಗೆ ಹಾಕುತ್ತಾಳೆ. ಬೆಕ್ಕು ಸೊರಗಿಲ್ಲ, ಆದ್ದರಿಂದ ನನ್ನ ಕೈಯಡುಗೆ ತೀರಾ ಕೆಟ್ಟದಿರಲಿಕ್ಕಿಲ್ಲ.

ಇನ್ನು ಮುಂದೆ ಬರೆಯುವುದರಲ್ಲಿ ಅರ್ಧಕ್ಕರ್ಧ ನಿನಗೆ ಗೊತ್ತಿರುವುದೇ. ನನಗೆ ಗೊತ್ತಾಗಿ ಎರಡು ವಾರವಾಯಿತು, ಅಷ್ಟೆ. ಈ ವಯಸ್ಸಿಗೆ ಇವನಿಗೆ ಈಗ ಕಣ್ಣು ಬಂತು ಎಂದು ನಕ್ಕುಬಿಡು.

ನಮ್ಮ ಬಾಟಲಿ ಕಾರ್ಖಾನೆಯ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಒಳಗಿನ ಇಟ್ಟಿಗೆ ಸವೆಯುವ ತನಕ ಆರಿಸುವುದಿಲ್ಲ. ಒಂಬತ್ತು ವರ್ಷ ಹಗಲಿರುಳು ಉರಿದದ್ದು ಈ ರಜೆಯಲ್ಲಿ ಆರಿತು. ಆ ಒಂಬತ್ತು ವರ್ಷವೂ ನಾನು ರಾತ್ರಿ ಪಾಳಿಯಲ್ಲಿ ಬಾಟಲಿ ತಟ್ಟಿ ನೋಡಿ, ಬೆಳಿಗ್ಗೆ ಬಂದು, ಮಧ್ಯಾಹ್ನವೆಲ್ಲ ಮಲಗಿ, ಸಂಜೆ ಎದ್ದು ಹೋದವನು. ಹಗಲು ಪಾಳಿಯಲ್ಲಿ ಜಾಗವಿಲ್ಲ ಎಂದು ನಾನು ಹೇಳಿ ಹೇಳಿ ನಿನಗೂ ಅದು ಬಾಯಿಪಾಠವಾಗಿಹೋಗಿದೆ. ಈಗ ಇಪ್ಪತ್ತು ದಿನ ಹಗಲು ಹೊತ್ತು ಎಚ್ಚರವಾಗಿ ಮನೆಯಲ್ಲಿದ್ದೇನೆ.

ನೀನು ಹೊರಡುವಾಗ ಟೀಚರ್ ಬರೆದ ಚೀಟಿಯನ್ನು ನನ್ನ ಕೈಗಿಟ್ಟು ಹೋದೆಯಲ್ಲ, ಚಿಕ್ಕವಳು ವರ್ಷವಿಡೀ ತರಗತಿಯಲ್ಲಿ ಬಾಯಿ ತೆರೆದಿಲ್ಲ, ಶಾಲೆ ತೆರೆದ ದಿನ ಒಂದು ಪುಟ ಗಟ್ಟಿಯಾಗಿ ಓದದಿದ್ದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುತ್ತೇವೆ ಎಂದು. ಇದೇನು ಮಹಾ ಎಂದುಕೊಂಡೆ. ಮೊದಲ ದಿನವೇ ಎದುರಿಗೆ ಕೂರಿಸಿಕೊಂಡು ಪುಸ್ತಕ ಬಿಡಿಸಿದೆ. ಅವಳ ತುಟಿಗಳು ಆಡಿದವು. ಒಂದು ಅಕ್ಷರವೂ ನನ್ನ ಕಿವಿಗೆ ಬೀಳಲಿಲ್ಲ.

"ಗಟ್ಟಿಯಾಗಿ ಓದು ಮಗಳೇ" ಅಂದೆ. ದೊಡ್ಡದಾಗಿ ಉಸಿರು ಎಳೆದುಕೊಂಡಳು, ಮತ್ತೆ ಬರೀ ತುಟಿ. ಮಿಠಾಯಿಯ ಆಸೆ ತೋರಿಸಿದೆ. ಆಮೇಲೆ ಗದರಿದೆ. ಗದರಿದ ಮೇಲೆ ತುಟಿಯೂ ನಿಂತುಹೋಯಿತು.

ಮೂರನೆಯ ದಿನ ನಾನೊಂದು ಹುಚ್ಚಾಟ ಮಾಡಿದೆ. ಬೀದಿಯವರ ಬಾಯಿಂದ ನಿನಗೆ ತಲುಪುವ ಮೊದಲು ನಾನೇ ಹೇಳಿಬಿಡುತ್ತೇನೆ. ಊಟ ಮಾಡಿ ಅಭ್ಯಾಸಬಲದಿಂದ ಮಲಗಿದೆ. ನಿದ್ದೆ ಬರಲಿಲ್ಲ. ಕಿವಿಗೊಟ್ಟು ಕೇಳಿದೆ. ಒಂದು ಮಾತಿಲ್ಲ, ಹೆಜ್ಜೆಯಿಲ್ಲ, ಪಾತ್ರೆಯ ಸದ್ದಿಲ್ಲ. ಮೂರು ಮಕ್ಕಳಿರುವ ಮನೆ ರಜೆಯ ಮಧ್ಯಾಹ್ನ ಹೀಗಿರುತ್ತದೆಯೇ? ಮಕ್ಕಳು ಎಲ್ಲೋ ಹೋಗಿಬಿಟ್ಟಿದ್ದಾರೆ ಎಂದುಕೊಂಡು ಬನಿಯನ್ನಿನಲ್ಲೇ, ಒಂದು ಕಾಲಿಗೆ ನಿನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು, ಬೀದಿಗೆ ಓಡಿದೆ. ಮೂಲೆಯ ತನಕ ಹೋದೆ, ನಲ್ಲಿಯ ಹತ್ತಿರ ನೋಡಿದೆ, ಆಟದ ಬಯಲು ಸುತ್ತಿ ಬಂದೆ. ಎದುರುಮನೆಯ ಟೈಲರಮ್ಮ ಹೊಲಿಗೆ ನಿಲ್ಲಿಸಿ ನೋಡಿದರು.

"ನಮ್ಮ ಮಕ್ಕಳನ್ನ ನೋಡಿದ್ರಾ?" ಅಂದೆ.

"ಮನೇಲೇ ಇದಾರಲ್ಲ. ಇನ್ನೆಲ್ಲಿ ಹೋಗ್ತಾರೆ, ನೀವು ಮಲಗಿರೋವಾಗ?" ಅಂದರು.

ವಾಪಸ್ಸು ಬಂದೆ. ಮೂವರೂ ಅಡುಗೆಮನೆಯಲ್ಲಿ ಇದ್ದರು. ನಾನು ಅವರ ಬಾಗಿಲ ಮುಂದೆಯೇ ಓಡಿಹೋಗಿದ್ದೆ. ಮೂವರೂ ಜಗಳವಾಡುತ್ತಿದ್ದರು ಕಣೇ. ಅಂತಿಂಥ ಜಗಳವಲ್ಲ. ನಡುವಿನವಳ ಮುಖ ಕೆಂಪಾಗಿತ್ತು, ದೊಡ್ಡವನ ಕೈಗಳು ಗಿರಗಿರ ತಿರುಗುತ್ತಿದ್ದವು, ಚಿಕ್ಕವಳು ಇಬ್ಬರ ನಡುವೆ ನಿಂತು ಬೆರಳು ಮಡಿಸಿ ತೀರ್ಪು ಕೊಡುತ್ತಿದ್ದಳು. ಇಷ್ಟೆಲ್ಲ ನಡೆದರೂ ಒಂದು ಸದ್ದಿಲ್ಲ. ಕುರ್ಚಿ ಎಳೆಯುವುದಿಲ್ಲ, ಎತ್ತಿ ಇಡುತ್ತಾರೆ. ಲೋಟ ಇಡುವಾಗ ಕಿರುಬೆರಳನ್ನು ಅಡಿಗೆ ಕೊಡುತ್ತಾರೆ. ಚಿಕ್ಕವಳಿಗೆ ಸೀನು ಬಂತು, ದೊಡ್ಡವನು ಎತ್ತಲೋ ನೋಡುತ್ತಲೇ ಟವಲನ್ನು ಅವಳ ಮುಖಕ್ಕೆ ಹಿಡಿದ. ನಾನು ಬಾಗಿಲಲ್ಲಿ ಬೆಪ್ಪನಂತೆ ನಿಂತುಬಿಟ್ಟೆ. ಒಂಬತ್ತು ವರ್ಷದಲ್ಲಿ ಕೋಟಿಗಟ್ಟಲೆ ಬಾಟಲಿ ನೋಡಿದ್ದೇನೆ, ಇಷ್ಟು ನಯವಾದ ಕೆಲಸವನ್ನು ಕಂಡಿರಲಿಲ್ಲ.

ಆಮೇಲೆ ಹೊಳೆಯಿತು. ಆ ಸನ್ನೆಗಳಲ್ಲಿ ಎಷ್ಟೋ ನನ್ನವೇ. ನಮ್ಮ ಕಾರ್ಖಾನೆಯ ಗದ್ದಲದಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ, ಕೈಯಿಂದಲೇ ಎಲ್ಲ. ಬೆಳಿಗ್ಗೆ ಬಂದಾಗಲೂ ಕಿವಿ ಗುಂಯ್‌ಗುಡುತ್ತಿರುವುದರಿಂದ ಒಂದು ಗಂಟೆ ನಾನು ಕೈಸನ್ನೆಯಲ್ಲೇ ಕಾಲ ಹಾಕುತ್ತೇನಲ್ಲ, ಮಕ್ಕಳು ಅದನ್ನು ಹಿಡಿದುಕೊಂಡಿದ್ದಾರೆ. ನಮ್ಮವು ಹೆಚ್ಚೆಂದರೆ ಇಪ್ಪತ್ತು ಸನ್ನೆ. ಇವರು ಅದನ್ನು ಇನ್ನೂರು ಮಾಡಿಕೊಂಡಿದ್ದಾರೆ. ಶಾಲೆಗೆ, ಲೆಕ್ಕದ ಮೇಷ್ಟರಿಗೆ, ಟೈಲರಮ್ಮನಿಗೆ, ನಾಳೆಗೆ, ಅಸೂಯೆಗೆ, ಎಲ್ಲಕ್ಕೂ ಒಂದೊಂದಿದೆ. ಯಾರು ಕಲಿಸಿದರು ಇವರಿಗೆ? ನನ್ನ ಮಕ್ಕಳ ತಲೆಯಲ್ಲಿ ಇಷ್ಟೆಲ್ಲ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಾನೂ ಕೂತು ಕಲಿಯತೊಡಗಿದೆ. ನಡುವಿನವಳು ಗುರು. ನನ್ನ ಬೆರಳು ಮೊಂಡಂತೆ, ಎರಡು ಸಲ ಮೊಟಕಿದಳು. ಬೆರಳುಗಳನ್ನು ಕೆಳಗೆ ಮಾಡಿ ಜಾಡಿಸುವ ಸನ್ನೆ ಮತ್ತೆ ಮತ್ತೆ ಬರುತ್ತಿತ್ತು. ನಮ್ಮಲ್ಲಿ ಅದಕ್ಕೆ 'ಬಿಸಿಯಿದೆ, ಹತ್ತಿರ ಬರಬೇಡ' ಎಂದರ್ಥ.

"ಇದು ಏನು? ಒಲೆನಾ?" ಅಂತ ಕೇಳಿದೆ.

ಅವಳು ಅಣ್ಣನ ಮುಖ ನೋಡಿದಳು. ಅವನು ಪಿಸುದನಿಯಲ್ಲಿ, "ಅದು ನೀವು, ಅಪ್ಪ" ಅಂದ.

ನಿನಗೂ ಒಂದು ಸನ್ನೆಯಿದೆ. ತುಟಿಯ ಮೇಲೆ ಬೆರಳು. ನೀನು ಬೇಸರ ಮಾಡಿಕೊಳ್ಳಬೇಡ. ನನ್ನ ನಿದ್ದೆಗಾಗಿ ಆ ಬೆರಳನ್ನು ಒಂಬತ್ತು ವರ್ಷ ಇಳಿಸದೆ ಹಿಡಿದವಳು ನೀನು. ನಾನು ನಮ್ಮ ಮನೆಯೇ ಶಾಂತ, ನಮ್ಮ ಮಕ್ಕಳೇ ಸಾಧು ಎಂದು ಕಾರ್ಖಾನೆಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಚಿಕ್ಕವಳ ಬಾಯಿಗೆ ಬೀಗ ಹಾಕಿದ್ದು ಶಾಲೆಯಲ್ಲ ಎಂದು ಆಗ ಅರ್ಥವಾಯಿತು. ಎಳವೆಯಿಂದಲೂ ಹಗಲೆಂದರೆ ಸುಮ್ಮನಿರಬೇಕಾದ ಹೊತ್ತು ಎಂದೇ ಅವಳು ತಿಳಿದಿದ್ದಾಳೆ. ಶಾಲೆ ನಡೆಯುವುದೂ ಹಗಲಲ್ಲೇ ಅಲ್ಲವೇ?

ಇನ್ನು ಮೇಲೆ ಕೂಗಿ, ಕಿರುಚಿ, ಅಪ್ಪ ಎದ್ದಿದ್ದಾನೆ ಎಂದು ಹೇಳಿದೆ. ಮೂವರೂ ತಲೆಯಾಡಿಸಿದರು. ಸದ್ದಿಲ್ಲದೆ.

ಕೊನೆಗೆ ಮೊನ್ನೆ ಬುಧವಾರ ಮೂವರನ್ನೂ ಕಾರ್ಖಾನೆಗೆ ಕರೆದುಕೊಂಡು ಹೋದೆ. ಇಟ್ಟಿಗೆ ಕೆಲಸದವರು ಊಟಕ್ಕೆ ಎದ್ದಿದ್ದರು. ನಮ್ಮ ಸೂಪರ್‌ವೈಸರ್ ಮಕ್ಕಳ ತಲೆಗೆ ಹೆಲ್ಮೆಟ್ ಹಾಕಿಸಿ, "ಒಂದರ್ಧ ಗಂಟೆ, ಅಷ್ಟೇ ನೋಡಿ" ಎಂದು ಒಳಗೆ ಬಿಟ್ಟರು. ಹೆಲ್ಮೆಟ್ಟಿನೊಳಗೆ ಚಿಕ್ಕವಳ ಮೂಗು ಮಾತ್ರ ಕಾಣುತ್ತಿತ್ತು.

ಆ ಶೆಡ್ಡು ಮೌನವಾಗಿದ್ದುದನ್ನು ನಾನೂ ಎಂದೂ ಕಂಡವನಲ್ಲ. ಎತ್ತರದ ಕಿಟಕಿಗಳಿಂದ ಬಿಸಿಲು ಬಿದ್ದಿತ್ತು. ಯಂತ್ರಗಳೆಲ್ಲ ನಿಂತಿದ್ದವು. ಕುಲುಮೆಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ನಮ್ಮ ಮನೆಯಷ್ಟು ಜಾಗ, ಗೋಡೆಯ ತುಂಬ ಕರಗಿ ಹರಿದ ಗಾಜು ಹಸಿರಾಗಿ ಹೊಳೆಯುತ್ತಿತ್ತು. ಒಂಬತ್ತು ವರ್ಷ ಅದರ ಬಗಲಲ್ಲಿ ನಿಂತು ಬೆವರಿದ್ದೇನೆ, ಅದರ ಒಳಗು ಇಷ್ಟು ಚೆಂದವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾಲ್ವರೂ ಬಾಯಿ ಬಿಟ್ಟುಕೊಂಡು ನೋಡಿದೆವು.

ಚಿಕ್ಕವಳು ಬೆರಳು ಜಾಡಿಸಿ ನನ್ನನ್ನು ನೋಡಿದಳು. ಬಿಸಿಯಾ ಎಂದು ಕೇಳುತ್ತಿದ್ದಳು.

"ಇಲ್ಲ, ಆರಿಹೋಗಿದೆ. ಮುಟ್ಟು" ಅಂದೆ.

ಇಟ್ಟಿಗೆಯನ್ನು ಒಂದು ಬೆರಳಲ್ಲಿ ಮುಟ್ಟಿದಳು, ಆಮೇಲೆ ಅಂಗೈ ಪೂರ್ತಿ ಇಟ್ಟಳು. ಹಾಗೇ ತಿರುಗಿ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಅಂಗೈ ಪೂರ್ತಿ ಇಟ್ಟಿಗೆಯ ಧೂಳು. ಆ ಅಂಗಿಯನ್ನು ಇನ್ನೂ ಒಗೆದಿಲ್ಲ.

ಮೂಲೆಯಲ್ಲಿ ಹಳೆಯ ಬಾಟಲಿಯೊಂದಿತ್ತು. ಸೀಳು ಬಿಟ್ಟ ಬಾಟಲಿಯನ್ನು ತಟ್ಟಿದರೆ ಮೊದ್ದಾಗಿ ಸದ್ದು ಮಾಡುತ್ತದೆ, ಸರಿಯಿದ್ದರೆ ಟಿಣ್ ಎನ್ನುತ್ತದೆ, ಇಷ್ಟೇ ನನ್ನ ಉದ್ಯೋಗ ಎಂದು ತೋರಿಸಿದೆ. ಟಿಣ್ ಎಂದದ್ದು ಶೆಡ್ಡಿನ ಮಾಡಿನ ತನಕ ಹೋಗಿ ಬಂತು. "ಈಗ ನೀವು ಒಬ್ಬೊಬ್ಬರೇ ಕೂಗಿ. ಇಲ್ಲಿ ಯಾರೂ ಮಲಗಿಲ್ಲ" ಅಂದೆ.

ದೊಡ್ಡವನು ಗಂಟಲು ಸರಿಮಾಡಿಕೊಂಡು "ಹೋ" ಎಂದ. ನಾನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದೆ, ಯಾವ ಗಂಡಸು ಒಳಗೆ ಬಂದ ಎಂದು. ಯಾರೂ ಇರಲಿಲ್ಲ. ನಮ್ಮ ಹುಡುಗನ ದನಿ ಒಡೆದಿದೆ ಕಣೇ. ಯಾವಾಗ ಒಡೆಯಿತು? ಪಿಸುಮಾತಿನಲ್ಲಿ ಅದು ತಿಳಿಯುವುದಿಲ್ಲ. ಬಾಟಲಿಯ ಕೂದಲೆಳೆಯ ಬಿರುಕನ್ನು ಗುರುತಿಸುವ ಕಿವಿ ನನ್ನದು, ಮಗ ಗಂಡಸಾಗುತ್ತಿದ್ದದ್ದು ಕೇಳಿಸಲಿಲ್ಲ. ಅವನಿಗೂ ತನ್ನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಗೊತ್ತಿರಲಿಲ್ಲವಂತೆ. ನಾಚಿಕೊಂಡು ನಕ್ಕ. ನಡುವಿನವಳು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ, ಅದರ ವಿಷಯ ಬೇಡ.

ಚಿಕ್ಕವಳು ಬಾಟಲಿ ಹಿಡಿದು ಬಹಳ ಹೊತ್ತು ನಿಂತಳು. ಒಮ್ಮೆ ತಟ್ಟಿದಳು, ಕೇಳಿಸಿಕೊಂಡಳು, ಮತ್ತೊಮ್ಮೆ ತಟ್ಟಿದಳು. ಆಮೇಲೆ ಕಣ್ಣು ಮುಚ್ಚಿ, ಇಡೀ ಮೈ ಬಿಗಿಹಿಡಿದು,

"ಅಣ್ಣ ನನ್ನ ಕೆಂಪು ಪೆನ್ಸಿಲ್ ಕದ್ದಿದಾನೆ!"

ಕದ್ದಿದಾನೆ, ಕದ್ದಿದಾನೆ ಎಂದು ಇಡೀ ಕಾರ್ಖಾನೆ ಸಾಕ್ಷಿ ಹೇಳಿತು. ಅವಳು ಕಣ್ಣು ಬಿಟ್ಟು ಮಾಡನ್ನು ನೋಡಿದಳು. ಅದು ತನ್ನ ದನಿಯೇ ಎಂದು ಖಾತರಿಯಾದ ಮೇಲೆ ಶುರುಮಾಡಿದಳು ನೋಡು. ಅಕ್ಕ ಜಡೆ ಎಳೆದದ್ದು, ತನ್ನ ಗೊಂಬೆಯ ಕೈ ಮುರಿದದ್ದು, ಟೀಚರಿಗೆ ಮೂಗಿನ ಮೇಲೆ ಮಚ್ಚೆಯಿರುವುದು, ಅಪ್ಪನ ಅಡುಗೆ ಬೆಕ್ಕಿಗೂ ಸೇರದಿರುವುದು. ಇಷ್ಟು ವರ್ಷ ಹೊಟ್ಟೆಯಲ್ಲಿ ಹಾಕಿಕೊಂಡಿದ್ದ ಚಾಡಿಯೆಲ್ಲ ಒಂದೇ ಉಸಿರಿಗೆ ಬಂತು. ದನಿ ಎಂಥದು ಗೊತ್ತೇ? ಒಂದು ಬಿರುಕಿಲ್ಲ. ನಾನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಿಂತೆ. ಯಾಕೆ ತೆಗೆದೆನೋ ಗೊತ್ತಿಲ್ಲ, ತೆಗೆಯಬೇಕೆನಿಸಿತು.

ನಿನ್ನೆ ಮಧ್ಯಾಹ್ನ ಬೇಕೆಂದೇ ಕೋಣೆಯಲ್ಲಿ ಮಲಗಿ ಬಾಗಿಲು ಹಾಕಿಕೊಂಡೆ. ಅವಳಿಗೆ ಕಾರ್ಖಾನೆಯಲ್ಲಿ ಬಂದ ದನಿ ಮನೆಯಲ್ಲೂ ಬರಬೇಕಲ್ಲ, ನಾನು ಮಲಗಿದ್ದರೂ ಬರಬೇಕಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಆಚೆ ಪುಸ್ತಕದ ಹಾಳೆ ತಿರುವಿದ ಸದ್ದು. ಓದತೊಡಗಿದಳು. ಮೊದಲ ಸಾಲು ಸಣ್ಣಗೆ, ಎರಡನೆಯದು ಸ್ವಲ್ಪ ಜೋರಾಗಿ, ಐದನೆಯ ಸಾಲಿಗೆ ಎದುರುಮನೆಯ ಹೊಲಿಗೆ ಯಂತ್ರ ನಿಂತಿತು. ದೊಡ್ಡವನು ಓಡಿಬಂದು "ಶ್, ಶ್" ಎನ್ನುವುದು ಕೇಳಿತು. "ಬಿಡೋ, ಓದ್ಲಿ" ಎಂದು ಒಳಗಿಂದಲೇ ಕೂಗಿದೆ. ಪುಟ ಮುಗಿಯುವ ತನಕ ನಿಲ್ಲಿಸಲಿಲ್ಲ. ಆಮೇಲೆ ಬಾಗಿಲು ತಳ್ಳಿ ಇಣುಕಿ, "ಎಚ್ಚರ ಆಯ್ತಾ ಅಪ್ಪ?" ಅಂದಳು.

"ಆಯ್ತು ಮಗಳೇ" ಅಂದೆ.

ಬರುವ ಬುಧವಾರ ಅವಳನ್ನು ಶಾಲೆಗೆ ನಾನೇ ಬಿಟ್ಟು ಬರುತ್ತೇನೆ, ಅವಳು ಓದುವಷ್ಟು ಹೊತ್ತು ಕಿಟಕಿಯ ಹೊರಗೆ ನಿಂತಿರುತ್ತೇನೆ. ನೀನು ಆರಾಮಾಗಿ ಬಾ, ಅವಸರ ಮಾಡಬೇಡ. ನಿನ್ನ ಬೆರಳನ್ನು ತುಟಿಯಿಂದ ಇಳಿಸಿ ಕೂಸಿನ ಕೈಗೆ ಕೊಡು, ಹಿಡಿದುಕೊಳ್ಳಲಿ. ಅದು ನೂರು ವರ್ಷ ಬಾಳಲಿ, ಗಟ್ಟಿಯಾಗಿ ಅಳುತ್ತ ಬೆಳೆಯಲಿ. ತಾಯಿ ಮಗು ಇಬ್ಬರಿಗೂ ನನ್ನ ಆಶೀರ್ವಾದ. ನಿನಗೆ ಆಶೀರ್ವಾದ ಮಾಡುವ ಯೋಗ್ಯತೆ ನನಗಿಲ್ಲ, ನಮಸ್ಕಾರ ಮಾಡುತ್ತೇನೆ.

ಇತಿ,
ಆರಿ ತಣ್ಣಗಾಗಿರುವ ನಿನ್ನ ಗಂಡ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಮೂರು ಸಲ ಹರಿದು ಹಾಕಿದ್ದು ಇದನ್ನೇ. ಹಗಲು ಪಾಳಿಯಲ್ಲಿ ಜಾಗವಿಲ್ಲ ಎಂದದ್ದು ಸುಳ್ಳು. ನಾಲ್ಕು ವರ್ಷದ ಹಿಂದೆ ಸೂಪರ್‌ವೈಸರ್ ತಾವಾಗಿಯೇ ಕರೆದು, ಹಗಲಿಗೆ ಬರ್ತೀಯಾ ಎಂದು ಕೇಳಿದ್ದರು. ನಾನೇ ಬೇಡವೆಂದೆ. ಇಡೀ ರಾತ್ರಿ ಆ ಗದ್ದಲದಲ್ಲಿ ನಿಂತು ಬಂದವನಿಗೆ ನಮ್ಮ ಮನೆಯ ಮಧ್ಯಾಹ್ನದ ಆ ಮೌನ ಅಷ್ಟು ಹಿತವಾಗಿತ್ತು. ಅದು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಆಗ ಚಿಕ್ಕವಳಿಗೆ ಎರಡು ವರ್ಷ, ಆಗಷ್ಟೇ ಮಾತು ಕಲಿಯುತ್ತಿದ್ದಳು. ಕುಲುಮೆ ಮತ್ತೆ ಹೊತ್ತುವ ದಿನದಿಂದ ನನ್ನನ್ನು ಹಗಲು ಪಾಳಿಗೆ ಹಾಕಿಸಿಕೊಂಡಿದ್ದೇನೆ. ಅದರಿಂದ ಆ ನಾಲ್ಕು ವರ್ಷ ವಾಪಸ್ಸು ಬರುವುದಿಲ್ಲ, ಗೊತ್ತು. ಈ ಕಾಗದಕ್ಕೆ ಉತ್ತರ ಬರೆಯಬೇಡ. ಬಂದು ಎದುರಿಗೆ ನಿಂತು ಬೈದುಬಿಡು. ಮದುವೆಯಾದಾಗಿನಿಂದ ನಿನ್ನ ದೊಡ್ಡ ದನಿಯನ್ನೂ ನಾನು ಕೇಳಿಲ್ಲ. ಮಕ್ಕಳು ಮನೆಯಲ್ಲಿರುವಾಗಲೇ, ಬಾಗಿಲು ತೆರೆದಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಬೈ.