ಹೊಸದು ಬೇಡವೆಂದ ಕೊಟ್ರವ್ವ

ದಾವಣಗೆರೆ, ೨೧೭೪ರ ಬೇಸಿಗೆಯ ಇನ್ನೂರ ಆರನೇ ದಿನ

ನೂರೈವತ್ತು ವರ್ಷ ಹಿಂದಿನವರಿಗೆ,

ತಾರೀಖು ನೋಡಿ ನಗಬೇಡಿ, ನಮ್ಮ ಬೇಸಿಗೆ ಅಷ್ಟು ಉದ್ದ. ನನ್ನ ಕನ್ನಡವೂ ನಿಮ್ಮ ಕಿವಿಗೆ ಒರಟಾಗಿರಬಹುದು. ನಿಮ್ಮಲ್ಲಿಲ್ಲದ ಕೆಲವು ಮಾತು ನಾವು ಹುಟ್ಟಿಸಿಕೊಂಡಿದ್ದೇವೆ, ಬಂದಲ್ಲೇ ಅರ್ಥ ಹೇಳುತ್ತೇನೆ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಹಾಲಮ್ಮ, ವಾರ್ಡಿನ ದುರಸ್ತಿಮನೆಯಲ್ಲಿ ಕೆಲಸ. ಇಲ್ಲಿ ಒಬ್ಬರಿಗೆ ವರ್ಷಕ್ಕೊಂದು ಹೊಸಚೀಟಿ ಸಿಗುತ್ತದೆ. ಅದನ್ನು ಕೊಟ್ಟು ಒಂದೇ ಒಂದು ಹೊಸ ವಸ್ತು ತರಬಹುದು. ಮಿಕ್ಕದ್ದೆಲ್ಲ ಹೊಲಿದು, ಬೆಸೆದು, ತೇಪೆ ಹಾಕಿ ನಡೆಯಬೇಕು. ನಮ್ಮ ಒಲೆಗೆ ಮೂರು ಬೇರೆ ಒಲೆಗಳ ಕಾಲಿವೆ, ನನ್ನ ಸೀರೆಯ ಸೆರಗು ಇನ್ಯಾರದೋ ಪರದೆ. ಬಿಡಿಭಾಗ ಬೇಕಾದಾಗ ಊರಾಚೆಯ ಹಳೇಗುಡ್ಡವನ್ನು ಅಗೆಯುತ್ತೇವೆ. ಅದು ಮಣ್ಣಿನ ಗುಡ್ಡವಲ್ಲ, ನೀವು ಬಿಸಾಡಿದ ಸಾಮಾನು.

ನಮ್ಮವ್ವ ಕೊಟ್ರವ್ವನಿಗೆ ಎಂಬತ್ನಾಲ್ಕು. ಆರು ಮನೆಗೆ ಒಂದೇ ಒಲೆಯಿದ್ದ ಕಾಲದಲ್ಲಿ ಹುಟ್ಟಿದವಳು. ಹೊಸದು ಮುಟ್ಟಿದರೆ ಇನ್ನೊಬ್ಬರ ಬಾಯಿಂದ ಕಿತ್ತುಕೊಂಡಂತೆ ಎಂದು ಅವಳ ತಾಯಿ ನಿಮ್ಮ ಕಥೆ ಹೇಳಿ ಹೇಳಿ ಬೆಳೆಸಿದ್ದಳು. ಅವ್ವ ಬದುಕಿಡೀ ಒಂದು ಚೀಟಿಯನ್ನೂ ಬಳಸಲಿಲ್ಲ. ನನ್ನ ಮಗಳು ನೇಸರ ಬೇರೆ ತರದವಳು. ಚೀಟಿ ಬಂದ ದಿನವೇ ಅಂಗಡಿಗೆ ಓಡುತ್ತಾಳೆ, ಹೊಸ ಬಟ್ಟೆಯ ವಾಸನೆಗೆ ಮೂಗೊಡ್ಡಿ ನಿಲ್ಲುತ್ತಾಳೆ. ಅಜ್ಜಿಗೂ ಮೊಮ್ಮಗಳಿಗೂ ಇದೇ ಜಗಳ, ಮಧ್ಯೆ ನಾನು.

ಅವ್ವನಿಗೆ ಕಿವಿ ಮಂದ. ಅವಳ ಕಿವಿಯ ಯಂತ್ರವನ್ನು ನಾನೇ ಹನ್ನೊಂದು ಸಲ ರಿಪೇರಿ ಮಾಡಿದ್ದೆ. ಈ ಬೇಸಿಗೆಯಲ್ಲಿ ಅದು ಪೂರ್ತಿ ಸತ್ತುಹೋಯಿತು. ನೇಸರ ತನ್ನ ಚೀಟಿ ಕೊಟ್ಟು ಹೊಸದೊಂದು ತಂದು, ಅಜ್ಜಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅವ್ವ ಅದನ್ನು ಹಾಗೇ ಮೊಮ್ಮಗಳ ಕೈಗೆ ವಾಪಸ್ ಇಟ್ಟಳು.

"ಬ್ಯಾಡ ತಂಗಿ. ನಾನಿನ್ನು ಕೇಳಿ ಏನು ಮಾಡ್ಲಿ? ನಿನಗೇನಾದ್ರೂ ತಗೋ ಹೋಗು."

ನೇಸರ ಅತ್ತಳು. ನಾನು ಒತ್ತಾಯ ಮಾಡಲಿಲ್ಲ. ಹನ್ನೆರಡನೇ ಸಲ ಏನಾದರೂ ಮಾಡೋಣವೆಂದು ಹಳೇಗುಡ್ಡಕ್ಕೆ ಹೋದೆ. ಆಳೆತ್ತರ ಅಗೆದ ಮೇಲೆ ಒಂದು ದೊಡ್ಡ ಡಬ್ಬ ಸಿಕ್ಕಿತು. ಒಳಗೆ ನೀವು ಹಾಡು ಕೇಳಲು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಪುಟ್ಟ ಯಂತ್ರಗಳು, ಸಾಲಾಗಿ, ಬಣ್ಣ ಬಣ್ಣದವು. ಒಂದರ ಸೀಲೂ ಒಡೆದಿರಲಿಲ್ಲ. ಕೊಂಡವರು ಬಿಚ್ಚಿಯೂ ನೋಡಿರಲಿಲ್ಲ. ಬಣ್ಣ ಹಳೆಯದಾಯಿತೆಂದೋ ಏನೋ, ಹಾಗೇ ಬಿಸಾಡಿದ್ದರು. ನಾನು ಅಲ್ಲೇ ಕೂತು ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ.

ಮನೆಗೆ ಬರುವಷ್ಟರಲ್ಲಿ ಬೀದಿ ತುಂಬ ಜನ. ಕೊಡ ಹಿಡಿದು ರಸ್ತೆ ದಾಟುತ್ತಿದ್ದ ಅವ್ವನಿಗೆ ನೀರಿನ ಗಾಡಿ ಬಡಿದಿತ್ತು. ಚಾಲಕ ಗಂಟೆ ಬಾರಿಸಿದ್ದನ್ನು ಬೀದಿಯವರೆಲ್ಲ ಕೇಳಿದ್ದರು. ಅವನು ರಸ್ತೆಯಂಚಿಗೆ ಕೂತು, ಆರು ಸಲ ಬಾರಿಸಿದೆ ಅಕ್ಕ, ಆರು ಸಲ, ಎನ್ನುತ್ತಲೇ ಇದ್ದ. ಅವನ ಮೇಲೆ ನನಗೆ ಕೋಪವಿಲ್ಲ.

ಅವ್ವನನ್ನು ಮಣ್ಣು ಮಾಡಿ ಬಂದ ಮೂರನೇ ದಿನ ನೇಸರ ಆ ಹೊಸ ಯಂತ್ರವನ್ನು ಅಂಗಡಿಗೆ ಹಿಂದಿರುಗಿಸಿ ಕೆಂಪು ಚಪ್ಪಲಿ ತಂದಳು. ಇದ್ದ ಚಪ್ಪಲಿ ಗಟ್ಟಿಯಾಗಿಯೇ ಇದ್ದವು. ನಾನು ಕೈ ಎತ್ತಿದೆ. ಅವಳು ಹಿಂದೆ ಸರಿಯಲಿಲ್ಲ.

"ಅಜ್ಜಿ ಏನೂ ಬೇಡ ಬೇಡ ಅಂತಾನೇ ಸತ್ಲು. ನಾನು ಹಂಗೆ ಸಾಯಲ್ಲ ಅವ್ವ."

ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯವರೆಗೆ ನಡೆದು ಬಂದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಆಸೆ ತಪ್ಪೆಂದು ಹೇಳಿದರೆ ನನ್ನ ಮಗಳ ಮುಖ ನೋಡಲಾರೆ. ಆದರೆ ನೀವು ಉಳಿಸಿಹೋದ ಕಾಗದಪತ್ರಗಳನ್ನು ಓದಿದ್ದೇನೆ. ಎಲ್ಲವನ್ನೂ ಮಕ್ಕಳು ಮೊಮ್ಮಕ್ಕಳಿಗಾಗಿಯೇ ಮಾಡಿದೆವೆಂದು ಪುಟಪುಟದಲ್ಲೂ ಬರೆದುಕೊಂಡಿದ್ದೀರಿ. ಆ ಮೊಮ್ಮಕ್ಕಳು ನಾವೇ. ಕೊಳ್ಳುವುದಿದ್ದರೆ ನಿಮಗಾಗಿ ಕೊಳ್ಳಿ, ನಮ್ಮ ಹೆಸರು ಎತ್ತಬೇಡಿ.

ಹಾಲಮ್ಮ