ಫಲಕದಿಂದ ನನ್ನ ಮುಖ ಇಳಿಸಿ

ಪ್ರಾದೇಶಿಕ ವ್ಯಾಪಾರ ಪ್ರೋತ್ಸಾಹ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ಗಡಿ ತಪಾಸಣಾ ಕೇಂದ್ರದ ಮುಂದೆ ನೀವು ನಿಲ್ಲಿಸಿರುವ ದೊಡ್ಡ ಫಲಕದಲ್ಲಿ ಶಾಲಾ ಚೀಲ ಹಿಡಿದು ಹಲ್ಲು ಕಿರಿಯುತ್ತಿರುವ ಹೆಂಗಸು ನಾನೇ. ಕೆಳಗೆ ‘ಗಡಿ ದಾಟಿದ ಗೆಲುವು’ ಎಂದು ಬರೆಸಿದ್ದೀರಿ. ನಾನು ಹೊಲಿದ ಒಂದೇ ಒಂದು ಚೀಲವೂ ಇದುವರೆಗೆ ಆ ಗಡಿ ದಾಟಿಲ್ಲ.

ಫೋಟೋ ತೆಗೆಸಿದ್ದು ನಿಮ್ಮ ತರಬೇತಿ ಶಿಬಿರದಲ್ಲಿ. ಮಹಿಳೆಯರೂ ಯುವಜನರೂ ನೆರೆದೇಶಕ್ಕೆ ಸರಕು ಕಳುಹಿಸಬೇಕೆಂದು ಅಂದು ಎಷ್ಟು ಚೆಂದ ಮಾತಾಡಿದಿರಿ! ನಂಬಿದೆವು. ನಾನೂ ನನ್ನ ತಂಗಿಯ ಮಗಳೂ ಮಂಚವನ್ನು ಗೋಡೆಗೆ ಒರಗಿಸಿ, ಆ ಜಾಗದಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಗಡಿಯಾಚೆಯ ಅಂಗಡಿಯವರೊಬ್ಬರಿಗೆ ಚೀಲ ಹೊಲಿದೆವು. ಅಲ್ಲಿ ಶಾಲೆ ತೆರೆಯುವ ಮೊದಲು ತಲುಪಬೇಕಿತ್ತು.

ತಪಾಸಣಾ ಕೇಂದ್ರದ ಗುಮಾಸ್ತರು ಕಾಗದ ನೋಡಿ, ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು.

“ಓನರ್ ಎಲ್ಲಿದ್ದಾರಮ್ಮ? ಅವರನ್ನೇ ಕಳ್ಸಿ.”

“ನಾನೇ ಸ್ವಾಮಿ ಓನರ್ರು. ಹೊರಗೆ ಬೋರ್ಡ್ ಮೇಲೂ ನಾನೇ ಇದ್ದೀನಿ, ನೋಡಿ.”

“ಅದು ಪ್ರಚಾರಕ್ಕಮ್ಮ. ಹೆಂಗಸರ ಸರಕು ಇಲ್ಲಿ ತಗೊಳ್ಳೋ ಹಾಗಿಲ್ಲ. ನಿಮಗೆ ಅಂತಾನೇ ಬೇರೆ ಕೌಂಟರ್ ಇದೆಯಲ್ಲ.”

ಹೋದೆ. ಮಹಿಳಾ ಮತ್ತು ಯುವ ಉದ್ಯಮಿಗಳ ವಿಶೇಷ ಕೌಂಟರಿನಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಸಿಬ್ಬಂದಿ ಎಲ್ಲಿ ಎಂದರೆ, ಮಹಿಳೆಯರಿಗೆ ನೆರವಾಗುವುದು ಹೇಗೆಂಬ ತರಬೇತಿಗೆ ಹೋಗಿದ್ದಾರಂತೆ! ದಿನವೂ ಹೋದೆ, ದಿನವೂ ಅದೇ ಉತ್ತರ. ಈ ಕೌಂಟರ್ ಇಲ್ಲದ ಕಾಲದಲ್ಲಿ ನಾವು ಎಲ್ಲರ ಜೊತೆ ಸಾಲಿನಲ್ಲಾದರೂ ನಿಲ್ಲಬಹುದಿತ್ತಲ್ಲವೇ? ಇಂಥ ಉಪಕಾರ ಮಾಡಿ ಎಂದು ನಿಮ್ಮನ್ನು ಕೇಳಿದವರು ಯಾರು?

ಚೀಲ ತುಂಬಿದ್ದ ನಮ್ಮ ಬಾಡಿಗೆ ಲಾರಿ ಅಷ್ಟೂ ದಿನ ನನ್ನದೇ ಫಲಕದ ಕೆಳಗೆ ನಿಂತಿತ್ತು. “ನೆರಳಾದ್ರೂ ಕೊಟ್ರಲ್ಲ ಅಕ್ಕ” ಎಂದು ಚಾಲಕ ನಕ್ಕ. ನನಗೂ ನಗು ಬಂತು, ಬೆನ್ನಿಗೇ ಅಳು. ಅಷ್ಟರಲ್ಲಿ ಆಚೆ ಶಾಲೆಗಳು ತೆರೆದವು, ಅಂಗಡಿಯವರು ಬೇಡವೆಂದರು. ವಾಪಸು ಬಂದ ಚೀಲಗಳು ಮನೆ ತುಂಬಿವೆ. ಮಂಚ ಇನ್ನೂ ಗೋಡೆಗೇ ಒರಗಿದೆ. ತಂಗಿಯ ಮಗಳು ದೊಡ್ಡ ಕಾರ್ಖಾನೆಯೊಂದಕ್ಕೆ ಚೀಲ ಹೊಲಿಯಲು ಸೇರಿದ್ದಾಳೆ. ಅಲ್ಲಿನ ಸರಕು ಸಲೀಸಾಗಿ ಗಡಿ ದಾಟುತ್ತದೆ. “ದೊಡ್ಡಮ್ಮಾ, ಇನ್ನು ನನ್ನ ಕರೀಬೇಡ” ಎಂದಳು. ಯಾವ ಮುಖ ಇಟ್ಟುಕೊಂಡು ಕರೆಯಲಿ?

ಕೌಂಟರ್ ತೆರೆಯಿರಿ ಎಂದು ಕೇಳುವ ಆಸೆಯೂ ನನಗೆ ಉಳಿದಿಲ್ಲ. ಆದರೆ ಮೊನ್ನೆ ಎದುರುಮನೆಯ ಹುಡುಗಿ ಓಡಿ ಬಂದು, “ಆಂಟಿ, ಬೋರ್ಡ್ ನೋಡ್ದೆ! ನಾನೂ ಕೆಲಸ ಬಿಟ್ಟು ಮಿಷನ್ ಹಾಕ್ತೀನಿ” ಎಂದಳು. ಬೇಡ ಕಣೇ ಎಂದೆ, ನಡೆದದ್ದೆಲ್ಲ ಹೇಳಿದೆ. “ನೀವೊಬ್ರೇ ಮುಂದೆ ಬರಬೇಕಾ?” ಎಂದು ಮುಖ ಊದಿಸಿಕೊಂಡು ಹೋದಳು. ನನ್ನ ಮಾತಿಗಿಂತ ನನ್ನ ಫೋಟೋ ಮೇಲೆ ಅವಳಿಗೆ ಹೆಚ್ಚು ನಂಬಿಕೆ.

ಹಾಗಾಗಿ ಒಂದೇ ಬೇಡಿಕೆ. ಅವಳು ಕೆಲಸ ಬಿಡುವ ಮೊದಲು ನನ್ನ ಮುಖವನ್ನು ಅಲ್ಲಿಂದ ಇಳಿಸಿ.

ಇಂತಿ,
ನಿಮ್ಮ ಫಲಕದ ಮೇಲಷ್ಟೇ ಗೆದ್ದವಳು